ಜವಾಬ್ದಾರಿ ಕೇಳಿದ ಸೀಮೆ

ದೊಡ್ಡಬಳ್ಳಾಪುರದಲ್ಲಿ ಸಮಾಜ ಪಾಠ ಹೇಳಿಕೊಂಡಿದ್ದ ಮೇಷ್ಟ್ರು ನಾನು. ಶಿವಪುರದ ಧ್ವಜ ಸತ್ಯಾಗ್ರಹ ಬಂದಾಗಲೆಲ್ಲ ದನಿ ಒಂದಿಷ್ಟು ಏರುತ್ತಿತ್ತು, ಯಾಕೆಂದರೆ ಅಲ್ಲಿನ ಅಧ್ಯಕ್ಷರು ನಮ್ಮೂರಿನ ಟಿ. ಸಿದ್ದಲಿಂಗಯ್ಯ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ನಿಷೇಧಾಜ್ಞೆ. ಹಾರಿಸಿಯೇ ತೀರುತ್ತೇವೆಂದು ಮೊದಲೇ ಸಾರಿದ್ದರು. ಸಾರಿದ ಹಾಗೆ ಹಾರಿಸಿ ದಸ್ತಗಿರಿಯಾದರು. ಕದ್ದುಮುಚ್ಚಿ ಮಾಡಿದ್ದು ಏನೂ ಇರಲಿಲ್ಲ.

ಅದೇ ತಿಂಗಳ 25ಕ್ಕೆ ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದವರ ಮೇಲೆ ಗೋಲಿಬಾರ್ ಆಯಿತು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ ಬಾವುಟಕ್ಕೆ ಒಪ್ಪಿಗೆ ದೊರೆಯಿತು. ಜನ ಕೇಳಿದ್ದು ಅದೊಂದನ್ನೇ ಅಲ್ಲ. ತಮಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರವನ್ನು. ಅದಕ್ಕೆ, ದೇಶ ಸ್ವತಂತ್ರವಾದ ಮೇಲೂ, 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಪಠ್ಯದಲ್ಲಿ ಪಾಠ ಅಲ್ಲಿಗೆ ಮುಗಿಯುತ್ತದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ಮುಗಿದಿರಲಿಲ್ಲ. ಕೈಗಾರಿಕೆಗೆಂದು ಅಲ್ಲಿನ 13 ಹಳ್ಳಿಗಳ 1,777 ಎಕರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಸ್ವಾಧೀನದ ನೋಟಿಸು ಬಂದಿತ್ತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ನೆಲ. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ನಾನು ಹೋದ ದಿನ ಶಾಮಿಯಾನದಡಿ ಒಬ್ಬ ಅಜ್ಜಿ ಸಿಕ್ಕಿತು. “ಕೆಲ್ಸ ಬಿಟ್ಟು ಬಂದ್ರಾ ಅಜ್ಜಿ?” ಅಂದೆ. “ಹುಳ ಜ್ವರಕ್ಕೆ ಕೂತವೆ ಮೇಷ್ಟ್ರೇ, ಇವತ್ತು ಸೊಪ್ಪಾಕಂಗಿಲ್ಲ. ಅದಕ್ಕೇ ಬಂದೆ. ನಾಳೆ ಎದ್ರೆ ನಾನು ಮನೇಲಿ, ಮಗ ಇಲ್ಲಿ” ಅಂತು. ರೇಷ್ಮೆ ಹುಳ ಪೊರೆ ಬಿಡುವಾಗ ಮೇಯುವುದಿಲ್ಲ. ಆ ಬಿಡುವು ಧರಣಿಗೆ. ಮೂರು ವರ್ಷ ಮಿಕ್ಕಿ ಹೇಗೆ ಕೂತರೆಂಬುದು ನನಗೆ ಆಗ ತಿಳಿಯಿತು. ಬೇಸಾಯ ನಿಲ್ಲಿಸಿ ಹೋರಾಟಕ್ಕೆ ಬಂದಿದ್ದರೆ ಒಂದು ಬೆಳೆಗೇ ಸೋತುಹೋಗುತ್ತಿದ್ದರು.

ವಿರೋಧ ಪಕ್ಷದಲ್ಲಿದ್ದಾಗ ಬೆಂಬಲ ಕೊಟ್ಟಿದ್ದ ಸಿದ್ದರಾಮಯ್ಯನವರೇ ಮುಖ್ಯಮಂತ್ರಿಯಾದರು. ನೋಟಿಸು ಹಾಗೇ ಉಳಿಯಿತು. 2025ರ ಜೂನ್ 25ಕ್ಕೆ ‘ದೇವನಹಳ್ಳಿ ಚಲೋ’. ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಹೇರಿ ಅಂದಿಗೆ ಸರಿಯಾಗಿ 50 ವರ್ಷ. ಸಂಜೆಗೆ ಪೊಲೀಸರು ಎಬ್ಬಿಸಿ ಬಸ್ಸು ಹತ್ತಿಸಿದರು. ರೈತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕೂತರು. ಅದು ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಹಳೇ ಸೆಂಟ್ರಲ್ ಜೈಲಿನ ಜಾಗ. ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು.

ಸಿದ್ದಲಿಂಗಯ್ಯನವರ ಕಾಲದವರು ಜವಾಬ್ದಾರಿ ಸರ್ಕಾರ ಬೇಕೆಂದು ಜೈಲಿಗೆ ಹೋದರು. ಇವರು ತಾವೇ ಓಟು ಹಾಕಿ ತಂದ ಸರ್ಕಾರಕ್ಕೆ ಅದರ ಜವಾಬ್ದಾರಿ ನೆನಪಿಸಲು ಕೂತರು. ಎರಡನೆಯದು ಕಡಿಮೆ ಕಷ್ಟವೆಂದು ಇನ್ನು ಯಾವ ಮಕ್ಕಳಿಗೂ ನಾನು ಹೇಳಲಾರೆ. ಒಪ್ಪಿ ಕೊಡುವವರ ಭೂಮಿ ಪಡೆಯುತ್ತೇವೆಂದೂ ಸರ್ಕಾರ ಸ್ವಾಧೀನ ಕೈಬಿಟ್ಟ ದಿನವೇ ಹೇಳಿದೆ. ಆ ಒಪ್ಪಿಗೆಯನ್ನು ಹೇಗೆ ಪಡೆಯುತ್ತಾರೆಂದು ಕೇಳುವ ಕೆಲಸ ಆ ಹಳ್ಳಿಗಳಿಗೆ ಇನ್ನೂ ಇದೆ.