ಅಜ್ಜನ ಗೀತೆ ನಿಮ್ಮದು, ಅಪ್ಪನ ಕಿಂಡಲ್ ಗೀತೆ ಯಾರದ್ದು?

ಅಜ್ಜ ಓದಿದ ಡಿವಿಜಿಯವರ ‘ಜೀವನಧರ್ಮಯೋಗ’ ಕಪಾಟಿನಲ್ಲಿದ್ದರೆ ಮೊಮ್ಮಗಳಿಗೆ ಸಿಗುತ್ತೆ. ಬೇಡ ಅನ್ನಿಸಿದರೆ ಅವೆನ್ಯೂ ರಸ್ತೆಯಲ್ಲಿ ಮಾರಬಹುದು. ಒಮ್ಮೆ ಮಾರಾಟವಾದ ಮುದ್ರಿತ ಪ್ರತಿಯನ್ನು ಮತ್ತೆ ಮಾರೋಕೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಅಡ್ಡ ಬರಲ್ಲ.

ಇ-ಪುಸ್ತಕದ ಕಥೆಯೇ ಬೇರೆ. ಅಪ್ಪ ಕಿಂಡಲ್‌ನಲ್ಲಿ ಗೀತೆ, ಉಪನಿಷತ್ತು, ಭಾಷ್ಯ ಅಂತ ನೂರು ಪುಸ್ತಕ ಕೊಂಡಿದ್ದರೂ, ಷರತ್ತುಗಳ ಪ್ರಕಾರ ಸಿಕ್ಕಿದ್ದು ಓದುವ ಪರವಾನಗಿ ಮಾತ್ರ. ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. (ಬಟನ್ ಮೇಲೆ ಮಾತ್ರ ‘ಬೈ’ ಅಂತಲೇ ಇರುತ್ತೆ!) ಬಳಸಿದ ಇ-ಪುಸ್ತಕ ಮಾರಲು ಹಕ್ಕುದಾರರ ಅನುಮತಿ ಬೇಕು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2019ರ ಟಾಮ್ ಕ್ಯಾಬಿನೆಟ್ ಪ್ರಕರಣದಲ್ಲಿ ಹೇಳಿತು. ಡಿಜಿಟಲ್ ಪ್ರತಿ ಓದಿ ಓದಿ ಸವೆಯಲ್ಲ ಅನ್ನೋದು ಅದು ಕೊಟ್ಟ ಕಾರಣಗಳಲ್ಲೊಂದು. ಸವೆಯದಿರೋದೇ ತಪ್ಪಾಯ್ತು ನೋಡಿ.

ಪಾಸ್‌ವರ್ಡ್ ಬರೆದಿಟ್ಟು ಹೋದರೆ ಮಕ್ಕಳಿಗೆ ಪುಸ್ತಕ ತೆರೆದೀತು, ಹಕ್ಕು ಬರಲ್ಲ. ಖಾತೆ ಮುಚ್ಚಿದರೆ ಗ್ರಂಥಾಲಯವೂ ಹೋಯ್ತು.

ನಿಶ್ಚಿಂತೆಯಿಂದ ದಾಟಿಸಬಹುದಾದದ್ದು ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಪಿಡಿಎಫ್. ನಮ್ಮಲ್ಲಿ ಅವಧಿ ಲೇಖಕರ ನಿಧನದ ನಂತರ 60 ವರ್ಷ. ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿ ತೀರಿಕೊಂಡಿದ್ದು 1964ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಪುಸ್ತಕಗಳು 2025ರಿಂದ ಎಲ್ಲರವು. 1975ರಲ್ಲಿ ತೀರಿಕೊಂಡ ಡಿವಿಜಿಯವರ ಗೀತೆಗೆ 2036ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅಜ್ಜನ ಪ್ರತಿಯನ್ನು ರದ್ದಿಗೆ ಹಾಕಬೇಡಿ.