ಮೋನೆ ಕಂಡ ನೀಲಿ



ಕನ್ನಡಕದ ಅಂಗಡಿಗೆ ಹೋದರೆ ಸಾಕು, ‘ನೀಲಿ ಬೆಳಕು ತಡೆಯೋ ಲೆನ್ಸ್ ಹಾಕಿಸಿ’ ಎನ್ನುತ್ತಾರೆ. ಇದು ಕಂಪ್ಯೂಟರ್ ಕಾಲದ ಹೊಸ ಚಿಂತೆ ಎಂದುಕೊಂಡಿರಾ? ಹಾಗಾದರೆ ನನ್ನ ಜೊತೆ ನೂರು ವರ್ಷ ಹಿಂದಕ್ಕೆ, ಫ್ರಾನ್ಸಿನ ಜಿವರ್ನಿ ಎಂಬ ಹಳ್ಳಿಗೆ ಬನ್ನಿ.

ಅಲ್ಲಿ ತನ್ನ ತೋಟದ ನೈದಿಲೆ ಕೊಳವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದ ಚಿತ್ರಕಾರ ಕ್ಲೋದ್ ಮೋನೆ. 1912ರಲ್ಲಿ ವೈದ್ಯರು ಆತನ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಯಾಗುತ್ತದೆ. ಪೊರೆ ಬಲಿತರೆ ಕಂದಾಗುತ್ತದೆ. ಹಳದಿ ಗಾಜು ನೀಲಿ ಬೆಳಕನ್ನು ನುಂಗುತ್ತದಲ್ಲ, ಅದೇ ಲೆಕ್ಕ. ಮೋನೆಯ ಚಿತ್ರಗಳಲ್ಲಿ ಕೆಂಪು, ಕಂದು ತುಂಬಿಕೊಂಡವು. ಬಣ್ಣದ ಟ್ಯೂಬಿನ ಮೇಲಿನ ಹೆಸರನ್ನೇ ನಂಬಿ ಬರೆಯುವ ಗತಿ ಬಂತು.

ಶಸ್ತ್ರಚಿಕಿತ್ಸೆಗೆ ಹೆದರಿ ವರ್ಷಗಟ್ಟಲೆ ಮುಂದೂಡಿದ. ಕೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಡಾಕ್ಟರ್ ಶಾರ್ಲ್ ಕುತೆಲಾ ಬಲಗಣ್ಣಿನ ಮಸೂರ ತೆಗೆದರು. ಆಗ ಏನಾಯಿತು ಗೊತ್ತೇ? ಲೋಕವೆಲ್ಲ ನೀಲಿ! ದೇವರು ಕೊಟ್ಟ ಜರಡಿಯೇ ಹೋಗಿತ್ತು. ದಪ್ಪ ಕನ್ನಡಕ, ಅದಕ್ಕೆ ಬಣ್ಣದ ಗಾಜು ಎಂದು ಹಲವು ಪ್ರಯೋಗಗಳಾದ ಮೇಲೆ ಆತ ಮತ್ತೆ ಕುಂಚ ಹಿಡಿದ. ಆತ 1926ರಲ್ಲಿ ತೀರಿಕೊಂಡ. ದೊಡ್ಡ ನೈದಿಲೆ ಚಿತ್ರಗಳು ಮರುವರ್ಷ ಪ್ಯಾರಿಸ್‌ನ ಒರಾಂಜರಿಯಲ್ಲಿ ಜನರಿಗೆ ಕಂಡವು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣೊಳಗೇ ಕೃತಕ ಮಸೂರ ಕೂರಿಸಿದರು. ಮುಂದೆ ಅದಕ್ಕೆ ನೇರಳಾತೀತ ಕಿರಣ ತಡೆಯುವ ಗುಣ ಸೇರಿತು, ಆಮೇಲೆ ನೀಲಿಯನ್ನು ಸ್ವಲ್ಪ ಹೀರುವ ಹಳದಿ ಛಾಯೆಯೂ ಬಂತು. ಇಂದಿನ ಕನ್ನಡಕದ ಲೆನ್ಸ್ ಕೆಲಸವೂ ಇಷ್ಟೇ: ಒಳಗಿನ ಬಣ್ಣ ನೀಲಿಯನ್ನು ಹೀರುತ್ತದೆ, ಇಲ್ಲವೇ ಮೇಲಿನ ಲೇಪ ಹಿಂದಕ್ಕೆ ಕಳಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್‌ನಲ್ಲಾದರೆ ಹೀರುವ ಬಣ್ಣವೇ ಗತಿ.

ಹಾಗಾದರೆ ನಾವೂ ಕೊಳ್ಳಬೇಕೇ? 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕಂಪ್ಯೂಟರ್ ನೋಡಿ ದಣಿದ ಕಣ್ಣಿಗೆ ಈ ಕನ್ನಡಕಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಗಾಗ ರೆಪ್ಪೆ ಬಡಿದು, ದೂರ ನೋಡಿ ಕಣ್ಣಿಗೆ ಬಿಡುವು ಕೊಡಿ. ಅದಕ್ಕೆ ಬಿಲ್ ಬರುವುದಿಲ್ಲ!

ಕೊನೆಗೊಂದು ಮಾತು. ಪೊರೆ ತೆಗೆಸಿಕೊಂಡ ಅಮ್ಮನೋ ಅಪ್ಪನೋ ಊರಿಂದ ಫೋನ್ ಮಾಡಿ ‘ಎಲ್ಲಾ ನೀಲಿ ನೀಲಿಯಾಗಿ ಕಾಣ್ತಿದೆ’ ಎಂದರೆ, ಭ್ರಮೆ ಎಂದು ನಗಬೇಡಿ. ಡಾಕ್ಟರಿಗೆ ತಿಳಿಸಲು ಹೇಳಿ, ಮೋನೆಯ ಕತೆಯನ್ನೂ ಹೇಳಿ. ವರ್ಷಗಳಿಂದ ತಪ್ಪಿಹೋಗಿದ್ದ ಬಣ್ಣ ಅವರಿಗೆ ಮರಳಿ ಸಿಕ್ಕಿದೆ.