ಜೀತ ಹಳೇ ಕಾಲದ್ದೇ?

ಕಾಲೇಜಿನ ಪುಸ್ತಕಗಳು ನಮಗೆ ಕಲಿಸಿದ ಪಾಠ ಇದು: ಜೀತ, ಗುಲಾಮಗಿರಿ ಎಲ್ಲ ಪಾಳೇಗಾರರ ಕಾಲದ ಪಳೆಯುಳಿಕೆ, ರೈಲು ಬಂದು, ಪೇಟೆ ಬೆಳೆದು, ಕೂಲಿ ದುಡ್ಡಿನಲ್ಲಿ ಸಿಗತೊಡಗಿದರೆ ತಾವಾಗಿಯೇ ಕರಗುತ್ತವೆ. ಮನೆಯಲ್ಲಿ ಮೊದಲ ಸಲ ಅಕ್ಷರ ಕಂಡ ನಾವು ಈಗ ಕೇಳಬೇಕಾಗಿದೆ: ಇದು ಯಾರು ಬರೆದ ಲೆಕ್ಕ?

ಅಮೆರಿಕದ ವಿದ್ವಾಂಸರೂ ಇದೇ ಮಾತಾಡಿದ್ದರು. ಕರಿಯರ ಗುಲಾಮಗಿರಿ ತೋಟದ ಧಣಿಗಳಿಗೆ ನಷ್ಟದ ಬಾಬ್ತು, ಬಿಟ್ಟಿದ್ದರೆ ತಾನೇ ಸಾಯುತ್ತಿತ್ತು ಅಂತ 20ನೇ ಶತಮಾನದ ಮೊದಲರ್ಧದಲ್ಲಿ ದೊಡ್ಡ ದೊಡ್ಡವರು ಬರೆದರು. ಅಂಕಿ ಬೇರೆಯೇ ಹೇಳುತ್ತದೆ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದೇಶದ ರಫ್ತಿನಲ್ಲಿ ಅರ್ಧಕ್ಕೂ ಹೆಚ್ಚು ಅವರು ಬಿಡಿಸಿದ ಹತ್ತಿ. ಇಂಗ್ಲೆಂಡಿನ ಗಿರಣಿಗಳು ಓಡಿದಷ್ಟೂ ಹರಾಜಿನಲ್ಲಿ ಮನುಷ್ಯರ ಬೆಲೆ ಏರಿತು. ನಷ್ಟದ ಮಾಲಿಗೆ ಯಾವ ಸಾಹುಕಾರ ಬೆಲೆ ಏರಿಸುತ್ತಾನೆ? ಹೊಸ ಯಂತ್ರ ಗುಲಾಮಗಿರಿಯನ್ನು ಕರಗಿಸಲಿಲ್ಲ, ಸಾಕಿತು. ಮುರಿದದ್ದು ಯುದ್ಧ, ಆ ಯುದ್ಧದ ನಡುವೆ ತೋಟ ಬಿಟ್ಟು ಹೊರಟ ಗುಲಾಮರು. ಅದನ್ನು ಸಾರ್ವತ್ರಿಕ ಮುಷ್ಕರ ಅಂತ 1935ರಲ್ಲಿ ಕರೆದವರು ಕರಿಯ ವಿದ್ವಾಂಸ ಡುಬಾಯ್ಸ್.

ಜ್ಯೋತಿಬಾ ಫುಲೆ 1873ರಲ್ಲೇ ತಮ್ಮ ‘ಗುಲಾಮಗಿರಿ’ಯನ್ನು ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಆ ಕಥೆ ನಮಗೆ ಪರರದಲ್ಲ. ಅದನ್ನು ಹಿಡಿದು ನಮ್ಮ ಸೀಮೆ ನೋಡೋಣ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ: ಇದು ರೇಷ್ಮೆ ಸೀಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಾಡಿನ ದೊಡ್ಡ ಮಾರುಕಟ್ಟೆಗಳಲ್ಲೊಂದು. ರೇಷ್ಮೆ ಚರಿತ್ರೆ ಬರೆಯುವವರು ಟಿಪ್ಪುವಿನಿಂದ ಶುರುಮಾಡಿ ಇಲಾಖೆ, ತಳಿ, ಟನ್ನುಗಳಿಗೆ ಬಂದು ನಿಲ್ಲುತ್ತಾರೆ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿದ ಬೆರಳು ಯಾರದು ಅಂತ ಕೇಳಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕೇಳಿತು. ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ಒತ್ತೆಯಾದ ಮಕ್ಕಳು ಕರ್ನಾಟಕದ ರೇಷ್ಮೆ ನೂಲಿನ ಕೆಲಸದಲ್ಲಿ ದಿನಕ್ಕೆ 12 ಗಂಟೆಗೂ ಮಿಕ್ಕಿ ದುಡಿಯುತ್ತಿದ್ದುದನ್ನು 2003ರಲ್ಲಿ ದಾಖಲಿಸಿತು. ಅವರಲ್ಲಿ ಬಹಳ ಮಂದಿ ದಲಿತರು, ಮುಸ್ಲಿಮರು. ಇಲ್ಲಿ ಯಾವ ಪಾಳೇಗಾರನಿದ್ದ? ಇದ್ದದ್ದು ಕರೆಂಟು, ಹರಾಜು, ಪೇಟೆ.

ಹಳಗನ್ನಡದಲ್ಲಿ ಜೀತ ಅಂದರೆ ಸಂಬಳ. ಪದವೇ ಗುಟ್ಟು ಬಿಟ್ಟುಕೊಡುತ್ತದೆ. ದುಡ್ಡು ಕೈಗೆ ಬಂದ ಮಾತ್ರಕ್ಕೆ ಕಟ್ಟು ಬಿಚ್ಚಲ್ಲ; ಮುಂಗಡವಾಗಿ ಬಂದ ದುಡ್ಡೇ ಹಗ್ಗವಾಗುತ್ತದೆ.

1865ರಲ್ಲಿ ಅಮೆರಿಕದ ಕರಾವಳಿಯ ಕರಿಯರಿಗೆ ಕುಟುಂಬಕ್ಕೆ 40 ಎಕರೆವರೆಗೆ ಭೂಮಿ ಅಂದರು. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನು ಹಳೇ ಧಣಿಗಳಿಗೆ ವಾಪಸು ಕೊಡಿಸಿದರು. ಬಿಡುಗಡೆಯಾದವರು ಬೆಳೆಯ ಪಾಲಿಗೆ ಉಳುತ್ತಾ ಮತ್ತೆ ಸಾಲಕ್ಕೆ ಬಿದ್ದರು. ನಮ್ಮಲ್ಲಿ 1976ರ ಕಾಯಿದೆ ಜೀತ ರದ್ದು ಮಾಡಿತು, ಜೀತದ ಸಾಲವನ್ನೂ ಅಳಿಸಿತು. ಭೂಮಿ ಕೊಡಲಿಲ್ಲ. ಭೂಮಿ ಇಲ್ಲದವನು ಮದುವೆಗೋ ಕಾಯಿಲೆಗೋ ಮತ್ತೆ ಯಾರ ಬಾಗಿಲಿಗೆ ಹೋಗಬೇಕು?

ಜೀತ ಪಳೆಯುಳಿಕೆಯಾದರೆ ಕಾಯ್ದುಕೊಂಡು ಕೂರಬಹುದು. ಅದು ಪೇಟೆಯ ಲಾಭದ ಬಾಬ್ತಾದರೆ ಕಾಯುವುದಕ್ಕೆ ಏನೂ ಇಲ್ಲ. ಭೂಮಿ ಕೇಳಬೇಕು, ಕೂಲಿ ಕೇಳಬೇಕು. ಗೆಳೆಯರೇ, ಚರಿತ್ರೆ ಬರೆಯುವ ಕೆಲಸವನ್ನೂ ಇನ್ನು ನಾವೇ ಮಾಡಬೇಕು.